ಸ್ಮರಾಂಡಾ ಸಮಿತಿಯ ಮುಂದೆ ಹೇಳಿದ್ದು

ಸ್ಮರಾಂಡಾಳ ಕೆಲಸ ಏನೆಂದು ಅವಳಿದ್ದ ಬ್ಲಾಕಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೆಳಮಹಡಿಯ ಹೆಂಗಸು ಅವಳನ್ನು ಯಾವುದೋ ಪಕ್ಷದವಳೆಂದು ತಿಳಿದು, ಲಿಫ್ಟು ಕೆಟ್ಟಾಗಲೆಲ್ಲ ಅವಳ ಬಾಗಿಲು ಬಡಿದು ಬೈಯುತ್ತಿದ್ದಳು. ಅವಳ ತಾಯಿಯಂತೂ ಕೇಳಿದವರಿಗೆಲ್ಲ, "ಮಕ್ಕಳ ಹೆಸರು ಹೇಳಿ ಸರ್ಕಾರದ ಬಾಗಿಲಲ್ಲಿ ಭಿಕ್ಷೆ ಬೇಡ್ತಾಳೆ" ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ.

ಅವಳು ದುಡಿಯುತ್ತಿದ್ದ ಸಂಸ್ಥೆಯ ಹೆಸರು 'ಎರಡನೆಯ ಗಂಟೆ'. ದೇಶದ ಪೂರ್ವದ ಹಳ್ಳಿಗಳಲ್ಲಿ ಮಧ್ಯಾಹ್ನಕ್ಕೆ ಶಾಲೆ ಬಿಟ್ಟಮೇಲೆ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು, ಬಿಸಿ ಸಾರು, ಮೆಕ್ಕೆಜೋಳದ ಮುದ್ದೆಯಾದ ಮಾಮಾಲಿಗಾ ಬಡಿಸಿ, ಸಂಜೆಯವರೆಗೆ ಓದಿಸುವುದು ಆ ಸಂಸ್ಥೆಯ ಕೆಲಸ. ಅರ್ಧ ಊರೇ ಇಟಲಿಗೆ ದುಡಿಯಲು ಹೋದ ಕಡೆ ಅದೇನು ಸಣ್ಣ ಉಪಕಾರವಲ್ಲ. ಇಷ್ಟು ವರ್ಷ ಹೊರದೇಶದ ದಾನಿಗಳು ನಡೆಸಿಕೊಂಡು ಬಂದಿದ್ದರು. ಈಗ ಅವರು ಕೈತೊಳೆದುಕೊಂಡಿದ್ದರು. ಡಿಸೆಂಬರ್ ಕಳೆದರೆ ಒಲೆ ಆರುತ್ತದೆ, ಓದಿಸುವವರು ಮನೆಗೆ ಹೋಗುತ್ತಾರೆ. ಉಳಿದಿದ್ದು ಒಂದೇ ದಾರಿ. ಈ ಕಾರ್ಯಕ್ರಮ ಸರ್ಕಾರದ ಬಜೆಟ್ಟಿನಲ್ಲಿ ಒಂದು ಸಾಲಾಗಿ ಸೇರಬೇಕು. ಆ ಒಂದು ಸಾಲಿಗಾಗಿ ಸ್ಮರಾಂಡಾ ವರ್ಷಗಟ್ಟಲೆ ರಾಜಧಾನಿ ಬುಕಾರೆಸ್ಟಿನ ಕಚೇರಿಗಳ ಮೆಟ್ಟಿಲು ಸವೆಸಿದ್ದಳು. ಮಂತ್ರಿಗಳು ಬದಲಾದಾಗಲೆಲ್ಲ ಮೊದಲಿನಿಂದ ಶುರು ಮಾಡಿದ್ದಳು. ಸಂಸದರ ಹೆಂಡತಿಯರ ಹುಟ್ಟುಹಬ್ಬವೂ ಅವಳಿಗೆ ಬಾಯಿಪಾಠವಾಗಿತ್ತು.

ಸೆಪ್ಟಿಮಿಯು ಫೋನು ಮಾಡಿ "ಬಂದು ಹೋಗು" ಎಂದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟಳು. ಸೆಪ್ಟಿಮಿಯು ಈಗ ಶಿಕ್ಷಣ ಇಲಾಖೆಯ ಉಪಮಂತ್ರಿ. ಅದಕ್ಕೆ ಮುಂಚೆ ಅವಳ ಕುರ್ಚಿಯಲ್ಲೇ ಕೂತಿದ್ದವನು. ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದೂ ಅವನೇ, ಯಾರ ಹತ್ತಿರ ಹೇಗೆ ಮಾತಾಡಬೇಕೆಂದು ಕಲಿಸಿದವನೂ ಅವನೇ.

"ಬಾ, ಕೂತ್ಕೋ. ಕಾಫಿ ಕುಡೀತೀಯಾ? ಮೆಷಿನ್ ಕೆಟ್ಟಿದೆ, ಆದ್ರೂ ಕೇಳೋದು ಮರ್ಯಾದೆ," ಎಂದ.

"ಸಿಕ್ತೋ ಇಲ್ವೋ, ಅದು ಹೇಳು."

"ಸಿಕ್ತು."

ಸ್ಮರಾಂಡಾ ಕೂತಳು. ಕಣ್ಣು ಮಂಜಾಯಿತು. ಆದರೆ ಅವನು ಕಲಿಸಿದ್ದು ಮರೆತಿರಲಿಲ್ಲ. "ಆದರೆ?" ಎಂದು ಕೇಳಿದಳು.

ಸೆಪ್ಟಿಮಿಯು ನಕ್ಕ. "ಒಳ್ಳೇ ಶಿಷ್ಯೆ. ಆದರೆ, ಹಣಕಾಸಿನವರು ಅದನ್ನ ಒಂಟಿಯಾಗಿ ಕೊಡ್ತಿಲ್ಲ. ಸಣ್ಣ ಶಾಲೆಗಳನ್ನ ದೊಡ್ಡ ಶಾಲೆಗೆ ಸೇರಿಸೋ ಮಸೂದೆ ಬರ್ತಿದೆಯಲ್ಲ, ಅದರೊಳಗೆ ಇಟ್ಟಿದ್ದಾರೆ. ಅಲ್ಲಿ ಉಳಿಸಿದ್ದನ್ನ ಇಲ್ಲಿ ಕೊಡ್ತಾರಂತೆ."

"ಸೇರಿಸೋದು ಅಂತ ಯಾಕೆ ಅಂತೀಯ? ಮುಚ್ಚೋದು ಅನ್ನು."

"ಈ ಕಟ್ಟಡದಲ್ಲಿ ಆ ಪದ ಬಳಸಲ್ಲ."

"ಆ ಸಣ್ಣ ಶಾಲೆಗಳೇ ನಮ್ಮ ಶಾಲೆಗಳು, ಸೆಪ್ಟಿಮಿಯು."

"ಅರ್ಧ. ಇನ್ನರ್ಧಕ್ಕೆ ಊಟ, ಪಾಠ ಎರಡೂ ಖಾಯಂ ಆಗುತ್ತೆ. ಜೊತೆಗೆ ನೀವು ಜನ್ಮದಲ್ಲಿ ಮುಟ್ಟೋಕಾಗದಷ್ಟು ಶಾಲೆಗೆ ಹೋಗುತ್ತೆ. ಮುಚ್ಚಿದ ಊರಿನ ಮಕ್ಕಳಿಗೆ ಬಸ್ಸು ಬಿಡ್ತಾರೆ."

"ಸರಿ, ಮಾಡ್ಕೊಳ್ಳಿ. ನನ್ನನ್ನ ಯಾಕೆ ಕರೆಸಿದೆ?"

ಅವನು ಕಿಟಕಿಯ ಕಡೆ ತಿರುಗಿದ. "ಸಮಿತಿಯಲ್ಲಿ ಹಳ್ಳಿ ಕಡೆಯ ಸಂಸದರು ಹೆದರ್ತಿದ್ದಾರೆ. ಶಾಲೆ ಮುಚ್ಚಿದವರು ಅಂತ ಹೆಸರು ಬರುತ್ತಲ್ಲ. ನೀನು ಮಂತ್ರಿ ಪಕ್ಕದಲ್ಲಿ ಕೂತು, 'ಎರಡನೆಯ ಗಂಟೆ ಈ ಮಸೂದೆಯನ್ನ ಬೆಂಬಲಿಸುತ್ತೆ' ಅಂತ ಒಂದು ಮಾತು ಹೇಳಿದ್ರೆ ಕೈ ಎತ್ತುತ್ತಾರೆ. ನೀನು ಹೇಳದಿದ್ರೆ ಎತ್ತಲ್ಲ. ಮಸೂದೆ ಬಿದ್ರೆ ನಿನ್ನ ಸಾಲೂ ಬೀಳುತ್ತೆ."

ಸ್ಮರಾಂಡಾ ತನ್ನಲ್ಲಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಊರಿನ ಶಾಲೆ ಹೋದರೆ ಊರೇ ಹೋಗುತ್ತದೆ ಎಂದಳು. ಬಸ್ಸಿಗೆ ರಸ್ತೆ ಬೇಕಲ್ಲ ಎಂದಳು. ಕೊನೆಗೆ, ಹೊಲದ ಬದುವಿನ ಮೇಲೆ ತೂತು ಬೂಟಿನಲ್ಲಿ ನಡೆದು ಶಾಲೆಗೆ ಬರುವ ಹುಡುಗಿಯ ಕಥೆ ಶುರು ಮಾಡಿದಳು. ದಾನಿಗಳು, ಸಂಸದರು, ಎಂಥವರೂ ಆ ಕಥೆಗೆ ಕರಗುತ್ತಿದ್ದರು.

"ಏ, ಆ ಕಥೆ ನನಗೇ ಹೇಳ್ತೀಯಾ?" ಎಂದ ಸೆಪ್ಟಿಮಿಯು. "ಅದನ್ನ ಬರೆದವನು ನಾನು ಮಾರಾಯ್ತಿ. ಹುಡುಗಿ ನಿಜ. ಬೂಟಿಗೆ ತೂತು ಕೊರೆದವನು ನಾನೇ."

ಇವನ ಮುಂದೆ ಏನು ಹೇಳಿದರೂ ಅದು ಇವನೇ ಕೊಟ್ಟ ಮಾತಾಗಿತ್ತು.

ಕಚೇರಿಗೆ ಹಿಂತಿರುಗಿದಾಗ ಅಗ್ಲಾಯಾ ಮೇಡಂ ಮೇಜಿನ ಮೇಲೆ ಕಾಗದ ಹಾಸಿಕೊಂಡು ಎಳ್ಳು ಹಚ್ಚಿದ, ಬಳೆಯಾಕಾರದ ಕೊವ್ರಿಗ್ ರೊಟ್ಟಿ ಮುರಿಯುತ್ತಿದ್ದರು. ಸಂಸ್ಥೆ ಕಟ್ಟಿದವರು ಅವರು. ಎಪ್ಪತ್ತು ದಾಟಿದ ನಿವೃತ್ತ ಗಣಿತದ ಟೀಚರು. ಮಂತ್ರಿಗಳನ್ನೂ ಬೆಂಚಿನ ಮೇಲೆ ನಿಲ್ಲಿಸುವ ಧ್ವನಿ. ಸ್ಮರಾಂಡಾ ಹೇಳುವುದನ್ನೆಲ್ಲ ಕೇಳಿಸಿಕೊಂಡು ಬಾಯಿ ಒರೆಸಿಕೊಂಡರು.

"ಹೋಗಿ ಹೇಳು."

"ಮೇಡಂ, ವಿಷಿನಾರು ಊರಿನ ಕೀವಾ ಟೀಚರ್ ಶಾಲೆನೂ ಹೋಗುತ್ತೆ. ನಾವು ಶುರು ಮಾಡಿದ್ದೇ ಆ ಶಾಲೆಯಿಂದ."

"ನನಗೆ ಗೊತ್ತಿಲ್ವಾ? ಅಲ್ಲಿನ ಮೊದಲ ಪಾತ್ರೆ ನಮ್ಮನೆಯಿಂದ ಹೊತ್ಕೊಂಡು ಹೋಗಿದ್ದು." ಅವರ ಧ್ವನಿ ಏರಿತು. "ಹೇಳದಿದ್ರೆ ಏನಾಗುತ್ತೆ, ಅದನ್ನೂ ಹೇಳು. ಜನವರಿಗೆ ಎಲ್ಲಾ ಕಡೆ ಒಲೆ ಆರುತ್ತೆ. ಕೀವಾ ಶಾಲೆ ಅವರು ಮುಂದಿನ ವರ್ಷ ಇನ್ನೊಂದು ನೆಪ ಹುಡುಕಿ ಮುಚ್ಚೇ ಮುಚ್ತಾರೆ. ಆಗ ನಮಗೆ ಅದೂ ಇಲ್ಲ, ಇದೂ ಇಲ್ಲ."

"ಹಾಗಾದ್ರೆ ನೀವೇ ಬಂದು ಹೇಳಿ."

"ನಾನು ಎಲ್ಲರ ಹತ್ರಾನೂ ಜಗಳ ಆಡಿಟ್ಟಿದೀನಿ. ನನ್ನ ಬಾಯಿಂದ ಬಂದ್ರೆ ಯಾರು ನಂಬ್ತಾರೆ? ನಿನ್ನನ್ನ ನಂಬ್ತಾರೆ. ಅದಕ್ಕೇ ತಾನೇ ನಿನಗೆ ಸಂಬಳ ಕೊಡೋದು?"

ಆಡಿದ ಮೇಲೆ ಅಗ್ಲಾಯಾಗೇ ಆ ಮಾತು ಒರಟೆನಿಸಿರಬೇಕು. ಉಳಿದರ್ಧ ಕೊವ್ರಿಗ್ ಅನ್ನು ಸ್ಮರಾಂಡಾಳ ಕಡೆ ತಳ್ಳಿದರು. ಸ್ಮರಾಂಡಾ ಅದನ್ನು ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಸಮಿತಿ ಸೇರುವುದಕ್ಕೆ ಒಂದು ವಾರ ಮುಂಚೆ ಸೆಪ್ಟಿಮಿಯುವಿನಿಂದ ಇನ್ನೊಂದು ಫೋನು ಬಂತು. ಮಂತ್ರಿಗೆ ಒಂದು ಚಿಕ್ಕ ವಿಡಿಯೊ ಬೇಕಂತೆ. ಮಕ್ಕಳು ಊಟ ಮಾಡುವುದು, ಓದುವುದು. "ಕೀವಾ ಟೀಚರ್ ಶಾಲೆಗೆ ಹೋಗೋಣ. ಅಲ್ಲಿನ ಮಕ್ಕಳು ಕ್ಯಾಮರಾ ಮುಂದೆ ಚೆನ್ನಾಗಿ ಕಾಣ್ತಾರೆ" ಎಂದ.

"ಮುಚ್ಚೋ ಶಾಲೆಯಲ್ಲಿ?"

"ವಿಡಿಯೊದಲ್ಲಿ ಊರಿನ ಹೆಸರು ಹಾಕಲ್ಲ."

ಅವಳು ಇಲ್ಲ ಎನ್ನಬಹುದಿತ್ತು. ಆದರೆ ತಾನು ಹೋಗದಿದ್ದರೆ ಅವನೊಬ್ಬನೇ ಹೋಗುತ್ತಾನೆ, ಅಲ್ಲಿ ಏನು ಹೇಳಿ ಬರುತ್ತಾನೋ ಎಂದು ಹೆದರಿ ಹೊರಟಳು.

ವಾಸ್ಲುಯಿ ಪಟ್ಟಣ ದಾಟಿದ ಮೇಲೆ ಡಾಂಬರು ಮುಗಿಯಿತು. ವಿಷಿನಾರು ಊರಿನ ಏರಿನಲ್ಲಿ ಕೆಸರು ಅರ್ಧ ಹೆಪ್ಪುಗಟ್ಟಿ, ಕಾರು ಎರಡು ಸಲ ಹಿಂದಕ್ಕೆ ಜಾರಿತು. ಕ್ರಿಸ್‌ಮಸ್‌ನ ಹಂದಿ ಕೊಯ್ಯುವ ದಿನಗಳು. ಅಂಗಳ ಅಂಗಳದಲ್ಲೂ ಹುಲ್ಲಿನ ಹೊಗೆ, ಸುಟ್ಟ ಚರ್ಮದ ವಾಸನೆ. ಶಾಲೆಯ ಬಾಗಿಲಲ್ಲಿ ಕೀವಾ ಟೀಚರು ಹೊಸ ಸ್ವೆಟರು ಹಾಕಿಕೊಂಡು ನಿಂತಿದ್ದಳು. ಇಡೀ ಶಾಲೆಗೆ ಅವಳೊಬ್ಬಳೇ. ನಾಲ್ಕೂ ತರಗತಿ ಒಂದೇ ಕೋಣೆಯಲ್ಲಿ. ಮಧ್ಯಾಹ್ನದ ಮೇಲೆ 'ಎರಡನೆಯ ಗಂಟೆ'ಯ ಒಲೆಯೂ ಅವಳದೇ. ಸಮವಸ್ತ್ರ ತೊಟ್ಟ ಮಕ್ಕಳು, ಹಿಂದೆ ಅಜ್ಜಿಯರು, ಇಟಲಿಯಿಂದ ರಜೆಗೆ ಬಂದ ಒಂದಿಬ್ಬರು ಅಪ್ಪಂದಿರು.

"ಬಂದ್ಲು ನೋಡ್ರೋ ನಮ್ಮ ಸ್ಮರಾಂಡಾ! ಸರ್ಕಾರಾನೇ ಕಿವಿ ಹಿಡ್ಕೊಂಡು ಎಳ್ಕೊಂಡು ಬಂದಿದ್ದಾಳೆ!" ಎಂದು ಕೀವಾ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಕ್ಕಳು ಹಬ್ಬದ ವಾಡಿಕೆಯಂತೆ ಮೇಕೆಯ ಮುಖವಾಡ ತೊಟ್ಟು ಕುಣಿದರು. ಮರದ ದವಡೆ ಟಕಟಕ ಬಡಿದು ಸೆಪ್ಟಿಮಿಯುವಿನ ಟೈ ಕಚ್ಚಿ ಎಳೆದರು. ಅವನು ನಿಜವಾಗಿ ನಕ್ಕ, ಕೋಟು ಬಿಚ್ಚಿಟ್ಟು ಅವರ ಜೊತೆ ಸುತ್ತು ಹಾಕಿದ. ಬಾಣಲೆಯಿಂದ ಬಿಸಿಬಿಸಿ ಹಂದಿಮಾಂಸ, ಮಾಮಾಲಿಗಾ, ಎಲೆಕೋಸಿನ ಉಪ್ಪಿನಕಾಯಿ ಬಂತು. "ಇಂಥ ರುಚಿ ಬುಕಾರೆಸ್ಟಿನಲ್ಲಿ ಕನಸಲ್ಲೂ ಇಲ್ಲ ತಾಯಿ" ಎಂದು ಎರಡನೆಯ ಸಲ ಹಾಕಿಸಿಕೊಂಡ. ಕ್ಯಾಮರಾದವನು ಎಲ್ಲವನ್ನೂ ತೆಗೆದುಕೊಂಡ.

ಪಾತ್ರೆ ತೊಳೆಯಲು ಕೀವಾ ಒಳಗೆ ಹೋದಾಗ ಸ್ಮರಾಂಡಾ ಹಿಂದೆಯೇ ಹೋದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಏನಮ್ಮ, ಊಟಾನೇ ಮಾಡ್ಲಿಲ್ಲ ನೀನು?"

"ಹಸಿವಿಲ್ಲ ಕೀವಕ್ಕಾ."

"ಹಸಿವಿಲ್ವಂತೆ." ಕೀವಾ ತಟ್ಟೆ ಉಜ್ಜುತ್ತಲೇ ಅವಳ ಮುಖ ನೋಡಿದಳು. "ಮೂವತ್ತು ವರ್ಷ ಮಕ್ಕಳ ಮುಖ ಓದಿದೀನಿ. ಗಾಜು ಒಡೆದ ಮಗು ಹಿಂಗೇ ನಿಲ್ಲೋದು. ಏನು ಒಡೆದೆ ಹೇಳು."

ಸ್ಮರಾಂಡಾ ಹೇಳಿದಳು. ಬಸ್ಸಿನ ವಿಷಯ, ಮಸೂದೆಯ ವಿಷಯ, ತಾನು ಹೇಳಬೇಕಾಗಿರುವ ಆ ಒಂದು ಮಾತು. ಕೀವಾ ಕೈಯೊಳಗಿನ ತಟ್ಟೆಯನ್ನು ಒಂದೇ ಕಡೆ ಉಜ್ಜುತ್ತಲೇ ಇದ್ದಳು.

"ಆ ಮನುಷ್ಯ ನನ್ನ ಕೈಯಡಿಗೆ ಎರಡು ಸಲ ಹಾಕಿಸ್ಕೊಂಡನಲ್ಲೇ," ಎಂದಳು ಕೊನೆಗೆ.

"ಕೀವಕ್ಕಾ, ನೀನು ಬೇಡ ಅಂದ್ರೆ ನಾನು ಹೇಳಲ್ಲ."

ಇದನ್ನು ಕೇಳಿ ಕೀವಾಗೆ ಸಿಟ್ಟು ಬಂತು. "ಅದನ್ನ ನನ್ನ ತಲೆ ಮೇಲೆ ಹಾಕ್ತೀಯಾ? ನಾನು ಬೇಡ ಅಂದ್ರೆ ಪಕ್ಕದೂರಿನ ಮಕ್ಕಳ ಊಟ ಹೋಯ್ತು. ಬೇಕು ಅಂದ್ರೆ ನನ್ನ ಶಾಲೆ ನಾನೇ ಮುಚ್ಚಿದ ಹಾಗೆ. ಚೆನ್ನಾಗಿದೆ! ನಿನ್ನ ಹೊರೆ ನೀನೇ ಹೊರು." ಒದ್ದೆ ಕೈಯನ್ನು ಸ್ವೆಟರಿಗೆ ಒರೆಸಿಕೊಂಡು ಬಾಗಿಲ ಕಡೆ ತೋರಿಸಿದಳು. "ಆದ್ರೆ ಅಲ್ಲಿ ಕೂತಿರೋ ಜನಕ್ಕೆ ನೀನೇ ಹೇಳ್ಬಿಟ್ಟು ಹೋಗು. ನನ್ನ ಬಾಯಲ್ಲಿ ಹೇಳಿಸ್ಬೇಡ."

ಸ್ಮರಾಂಡಾ ಹೊರಗೆ ಬಂದಳು. ಹೇಳಬೇಕೆಂದೇ ಬಂದಳು. ಆದರೆ ಅವಳು ಬಾಯಿ ತೆರೆಯುವ ಮುಂಚೆ ಒಬ್ಬ ಅಜ್ಜಿ ಅವಳ ಕೈ ಹಿಡಿದು ಮುತ್ತಿಟ್ಟಳು. "ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗಳೇ. ನಮ್ಮ ಊರು ಇನ್ನೂ ಇದೆ ಅಂತ ನೆನಪಿಟ್ಟುಕೊಂಡವಳು ನೀನೊಬ್ಬಳೇ." ಇಟಲಿಯಿಂದ ಬಂದ ಅಪ್ಪನೊಬ್ಬ, ಬೇಸಿಗೆಯಲ್ಲಿ ತಾನೇ ಬಂದು ಶಾಲೆಯ ಮಾಡಿಗೆ ಹೊಸ ತಗಡು ಹಾಕಿಸುತ್ತೇನೆ, ತಗಡು ಆಗಲೇ ಕೊಂಡಿಟ್ಟಿದ್ದೇನೆ ಎಂದ. ಕೋಣೆಯ ಆ ತುದಿಯಲ್ಲಿ ಸೆಪ್ಟಿಮಿಯು ಕೋಟಿನ ತೋಳಿಗೆ ಕೈ ಹಾಕುತ್ತ ಅವಳನ್ನೇ ನೋಡುತ್ತಿದ್ದ. ಅಡುಗೆ ಮನೆಯ ಬಾಗಿಲಲ್ಲಿ ಕೀವಾ ನೋಡುತ್ತಿದ್ದಳು.

"ತಗಡು..." ಎಂದಳು ಸ್ಮರಾಂಡಾ. "ಒಳ್ಳೇದು. ನೋಡೋಣ."

ಬಾಯಿಂದ ಅಷ್ಟೇ ಬಂತು. ಕೀವಾ ಬಾಗಿಲಿನಿಂದ ಒಳಗೆ ಸರಿದಳು, ಬೀಳ್ಕೊಡಲು ಹೊರಗೆ ಬರಲಿಲ್ಲ.

ಕಾರು ಏರು ಇಳಿದು ಮತ್ತೆ ಡಾಂಬರು ರಸ್ತೆಗೆ ಬಂತು. ಆಮೇಲೆ ಸೆಪ್ಟಿಮಿಯು, "ಹೊರಗಿದ್ದಾಗ ಅಂದ್ಕೊಂಡಿದ್ದೆ, ಒಳಗೆ ಹೋದ್ರೆ ಬಾಗಿಲು ತೆಗೆಯೋ ಕೈ ನಂದೇ ಆಗಿರುತ್ತೆ ಅಂತ. ಬಂದ್ಮೇಲೆ ಗೊತ್ತಾಯ್ತು, ಒಳಗಡೆಯಿಂದ ಬಾಗಿಲಿಗೆ ಹಿಡಿಕೆಯೇ ಇಲ್ಲ" ಎಂದ.

"ಇದನ್ನೂ ಯಾವತ್ತೋ ಬರೆದಿಟ್ಕೊಂಡಿದ್ಯಾ?"

ಅವನಿಗೆ ನಗು ಬಂತು. ಅವಳಿಗೂ ಬಂತು. ನಗು ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಕಿಟಕಿಯ ಕಡೆ ತಿರುಗಿದರು.

ಸಮಿತಿಯ ದಿನ ಸಂಸತ್ತಿನ ಆ ಕೋಣೆಯಲ್ಲಿ ಹೀಟರು ಅತಿಯಾಗಿತ್ತು. ಮಂತ್ರಿ, ಅವನ ಎಡಕ್ಕೆ ಸೆಪ್ಟಿಮಿಯು, ಬಲಕ್ಕೆ ಸ್ಮರಾಂಡಾ. ಬಾಗಿಲಿಗೂ ಅವಳಿಗೂ ನಡುವೆ ಟಿವಿಯವರ ಕಾಲು, ತಂತಿ, ಚೀಲ. ಎದ್ದು ಹೋಗಬೇಕೆಂದರೂ ಎಲ್ಲರನ್ನೂ ಎಬ್ಬಿಸಿಯೇ ಹೋಗಬೇಕು. ವಿಡಿಯೊ ಹಾಕಿದರು. ಮಕ್ಕಳ ಕುಣಿತ, ಸಾರಿನ ಹಬೆ, ಕೀವಾಳ ನಗು. ಊರಿನ ಹೆಸರಿರಲಿಲ್ಲ.

"ಈಗ 'ಎರಡನೆಯ ಗಂಟೆ'ಯ ಪರವಾಗಿ ಶ್ರೀಮತಿ ಸ್ಮರಾಂಡಾ ಅವರು ಮಾತಾಡ್ತಾರೆ. ದಯವಿಟ್ಟು ಹೇಳಿ ಮೇಡಂ," ಎಂದ ಸೆಪ್ಟಿಮಿಯು. ಎಲ್ಲರೆದುರು ಅವನಿಗೆ ಅವಳು 'ನೀವು'.

ಊಟದಿಂದ, ಓದಿನಿಂದ ಮಕ್ಕಳಿಗೆ ಏನಾಗಿದೆ ಎಂದು ಸ್ಮರಾಂಡಾ ಹೇಳಿದಳು. ಅದು ಅವಳಿಗೆ ಕಷ್ಟವಿರಲಿಲ್ಲ. ಕೊನೆಗೆ ಬಂದಾಗ, "ಈ ಹಣ ಕೊಡಬೇಕೆಂದು ನಮ್ಮ ಸಂಸ್ಥೆ ಕೇಳಿಕೊಳ್ಳುತ್ತದೆ" ಎಂದು ನಿಲ್ಲಿಸಿಬಿಟ್ಟಳು. ಮಸೂದೆಯ ಹೆಸರೆತ್ತಲಿಲ್ಲ. ಹೀಗೆ ನುಸುಳಿಕೊಂಡು ಹೋಗಬಹುದೆಂದು ಅವಳ ಆಸೆ. ಮಂತ್ರಿ ತಲೆಯಾಡಿಸಿದ. ಸೆಪ್ಟಿಮಿಯು ಮಾತ್ರ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡತೊಡಗಿದ.

ಆಗ ಆ ಜಿಲ್ಲೆಯ ಸಂಸದ, ವೃತ್ತಿಯಿಂದ ಪಶುವೈದ್ಯ, ದಪ್ಪನೆಯ ಮನುಷ್ಯ, ಮೈಕು ಹತ್ತಿರಕ್ಕೆ ಎಳೆದುಕೊಂಡ. "ಮೇಡಂ, ನಾನು ದನ ನೋಡೋನು. ನನಗೆ ಸುತ್ತಿ ಬಳಸಿ ಹೇಳಿದ್ರೆ ತಿಳಿಯಲ್ಲ. ಈ ಮಸೂದೆ ಪಾಸಾದ್ರೆ ನನ್ನ ಕಡೆ ಊರುಗಳಲ್ಲಿ ಶಾಲೆ ಮುಚ್ಚುತ್ತೆ. ನಿಮ್ಮ ಸಂಸ್ಥೆಗೆ ಅದು ಬೇಕಾ, ಬೇಡ್ವಾ?"

ಸ್ಮರಾಂಡಾ ಮುಂದಿದ್ದ ನೀರಿನ ಲೋಟ ಹಿಡಿದುಕೊಂಡಳು. ಬೇಕು ಎಂದರೆ ವಿಷಿನಾರುವಿನ ಅಷ್ಟೂ ಮುಖಗಳು. ಬೇಡ ಎಂದರೆ ಜನವರಿಯಲ್ಲಿ ಆರುವ ಅಷ್ಟೂ ಒಲೆಗಳು.

"ಬೇಡ," ಎಂದಳು. ಧ್ವನಿ ಅವಳಿಗೇ ಅಪರಿಚಿತವಾಗಿತ್ತು. "ಶಾಲೆ ಮುಚ್ಚೋದು ನಮಗೆ ಬೇಡ. ಹಣ ಬೇಕು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ನನ್ನ ಮುಂದೆ ಇಟ್ಟಿದ್ದಾರೆ. ಬಿಚ್ಚೋ ಅಧಿಕಾರ ನನಗಿಲ್ಲ ಸರ್, ನಿಮಗಿದೆ. ಬಿಚ್ಚಿಕೊಡಿ. ಆಗಲ್ಲ ಅಂದ್ರೆ, ಆ ಹಣವನ್ನ ಬಿಡಿ ಅಂತ ಹೇಳೋ ಧೈರ್ಯಾನೂ ನನಗಿಲ್ಲ."

ಗದ್ದಲವೆದ್ದಿತು. ಮಂತ್ರಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಗಂಟು ಬಿಚ್ಚಲು ಪಶುವೈದ್ಯ ತಿದ್ದುಪಡಿ ತಂದ, ಅದು ಬಿದ್ದಿತು. ಆಮೇಲೆ ಮಸೂದೆ ಮತಕ್ಕೆ ಬಂತು. ಸೆಪ್ಟಿಮಿಯು ಹೆದರಿದಂತೇನೂ ಆಗಲಿಲ್ಲ; ಕೂದಲೆಳೆಯಲ್ಲಿ ಅದು ಗೆದ್ದಿತು. ಅವಳ ಮಾತಿನ ಮೊದಲರ್ಧ ಹಿಡಿದು ಕೆಲವರು ವಿರೋಧಿಸಿದರು, ಎರಡನೆಯರ್ಧ ಹಿಡಿದು ಕೆಲವರು ಕೈ ಎತ್ತಿದರು. ಪಶುವೈದ್ಯನೂ ಕೊನೆಯಲ್ಲಿ, ಅವಳ ಮುಖ ನೋಡುತ್ತ, ಕೈ ಎತ್ತಿದ.

ಕಾರಿಡಾರಿನಲ್ಲಿ ಸೆಪ್ಟಿಮಿಯು ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಹೇಳಿದ: "ಹೂಂ ಅಂದಿದ್ರೆ ನಿನ್ನನ್ನ ಕಾಪಾಡ್ತಿದ್ದೆ. ಪೂರ್ತಿ ಇಲ್ಲ ಅಂದಿದ್ರೆ ಗೌರವ ಕೊಡ್ತಿದ್ದೆ. ಇದಕ್ಕೆ ಏನು ಮಾಡ್ಲಿ ಈಗ?"

ಏನು ಮಾಡಿದರೆಂಬುದು ಫೆಬ್ರವರಿಯಲ್ಲಿ ಗೊತ್ತಾಯಿತು. ನಿಯಮಗಳು ಹೊರಬಂದಾಗ, ಊಟ ಮತ್ತು ಓದಿನ ಕಾರ್ಯಕ್ರಮವನ್ನು ಜಿಲ್ಲಾ ಕಚೇರಿಗಳೇ ನಡೆಸಬೇಕೆಂದು ಬರೆದಿತ್ತು. ಸಂಸ್ಥೆಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮಕ್ಕಳಿಗೆ ಸಾರು ಸಿಗುತ್ತಿತ್ತು, ನಿಜ, ಸ್ವಲ್ಪ ತೆಳ್ಳಗೆ. ಓದಿಸುವವರಲ್ಲಿ ಕೆಲವರನ್ನು ಜಿಲ್ಲೆಯವರು ತೆಗೆದುಕೊಂಡರು, ಕೆಲವರು ಇಟಲಿಯ ಬಸ್ಸು ಹತ್ತಿದರು. 'ಎರಡನೆಯ ಗಂಟೆ' ಒಂದು ಕೋಣೆಗೆ ಇಳಿಯಿತು.

ಸ್ಮರಾಂಡಾ ರಾಜೀನಾಮೆ ಕೊಡುತ್ತೇನೆಂದಳು. ಅಗ್ಲಾಯಾ ಜಗಳವಾಡಲಿಲ್ಲ.

"ಹೋಗು. ನಾನು ತಡೆಯಲ್ಲ. ಆದ್ರೆ ಆ ನಿಯಮ ಬದಲಾಯಿಸೋಕೆ ಅಲ್ಲಿಗೆ ಯಾರು ಹೋಗ್ಬೇಕು? ನಾನು ಹೋದ್ರೆ ಗೇಟಲ್ಲೇ ನಿಲ್ಲಿಸ್ತಾರೆ."

"ನನ್ನನ್ನ ಮಾತ್ರ ಒಳಗೆ ಬಿಡ್ತಾರಾ?"

"ನಿನ್ನ ಮೇಲೆ ಅವರಿಗೆ ಸಿಟ್ಟಾದ್ರೂ ಇದೆ. ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ," ಎಂದರು ಅಗ್ಲಾಯಾ. ಸ್ಮರಾಂಡಾ ಒಂದು ತಿಂಗಳು ಇರುತ್ತೇನೆಂದಳು. ಬೇಸಿಗೆ ಬಂತು, ಹೋಯಿತು. ಅವಳು ಹೋಗಲಿಲ್ಲ.

ವಿಷಿನಾರು ಶಾಲೆಗೆ ಬೀಗ ಬಿದ್ದ ಮೇಲೆ, ಅಕ್ಟೋಬರಿನ ಒಂದು ಬೆಳಿಗ್ಗೆ ಕೀವಾ ಫೋನು ಮಾಡಿದಳು. ಡಿಸೆಂಬರಿನ ಆ ದಿನದ ನಂತರ ಇಬ್ಬರೂ ಮಾತಾಡಿರಲಿಲ್ಲ. ಕೀವಾಗೆ ಈಗ ಮಕ್ಕಳನ್ನು ಬಸ್ಸಿನಲ್ಲಿ ದೊಡ್ಡ ಶಾಲೆಗೆ ಕರೆದೊಯ್ದು ತರುವ ಕೆಲಸ.

"ಮಳೆ ಬಂದಾಗಿಂದ ಡ್ರೈವರ್ ಬಸ್ಸು ಏರು ಹತ್ತಲ್ಲ ಅಂತಾನೆ. ಮಕ್ಕಳೇ ಕೆಳಗಡೆ ರಸ್ತೆಗೆ ಬರ್ಬೇಕಂತೆ. ಸಣ್ಣವು ಕೆಸರಲ್ಲಿ ಹೂತ್ಕೊಂಡು ಅಳ್ತಾವೆ. ಅರ್ಧ ಮಕ್ಕಳು ಬರೋದೇ ಬಿಟ್ವು."

"ಕೀವಕ್ಕಾ, ಅವತ್ತು ನಾನು..."

"ಟಿವಿಯಲ್ಲಿ ನೋಡಿದ್ವಿ ಕಣಮ್ಮ. ಬೇಡ ಅಂದೆ. ಊರೆಲ್ಲ ಖುಷಿ ಪಡ್ತು. ಆಮೇಲೆ ಬೀಗ ಹಾಕಿದ್ರು." ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. "ಈ ಸಲ ಅವರು ಏನು ಕೇಳಿದ್ರೂ ಹೂಂ ಅಂದ್ಬಿಡು. ನನಗೆ ಜಲ್ಲಿ ಹಾಕಿದ ರಸ್ತೆ ಬೇಕು."

ಸ್ಮರಾಂಡಾ ಸೆಪ್ಟಿಮಿಯುವಿನ ಬಳಿಗೆ ಹೋದಳು. ಅವನು ಸೊರಗಿದ್ದ, ಇನ್ನೂ ಅದೇ ಕುರ್ಚಿಯಲ್ಲಿದ್ದ. ಕಾಫಿ ಬೇಕೇ ಎಂದು ಕೇಳಲಿಲ್ಲ. ರಸ್ತೆಯ ವಿಷಯವನ್ನು ಪೂರ್ತಿ ಕೇಳಿಸಿಕೊಂಡ.

"ಮಾಡಿಸಬಹುದು. ಮುಂದಿನ ತಿಂಗಳು ಮಂತ್ರಿಗಳು ಆ ದೊಡ್ಡ ಶಾಲೆ ಉದ್ಘಾಟನೆಗೆ ಬರ್ತಾರೆ. ನೀನು ಪಕ್ಕದಲ್ಲಿ ನಿಲ್ಲಬೇಕು. ಮಾತಾಡೋದು ಬೇಡ," ಎಂದ. ಆಮೇಲೆ ಮೆಲ್ಲಗೆ, "ದಯವಿಟ್ಟು ಮಾತಾಡಬೇಡ" ಎಂದ.

"ಜಲ್ಲಿ ಮೊದಲು ಬೀಳಲಿ."

ಜಲ್ಲಿ ಬಿತ್ತು. ಬಸ್ಸು ಏರು ಹತ್ತಿತು. ಉದ್ಘಾಟನೆಯ ದಿನ ದೊಡ್ಡ ಶಾಲೆಯ ಅಂಗಳದಲ್ಲಿ ಬ್ಯಾಂಡಿನವರು ಬಾರಿಸುತ್ತಿದ್ದಾಗ ವಿಷಿನಾರುವಿನ ಬಸ್ಸು ಬಂದು ನಿಂತಿತು. ಮಕ್ಕಳು ಒಣ ಬೂಟಿನಲ್ಲಿ ಇಳಿದರು, ಕೊನೆಗೆ ಕೀವಾ. ವೇದಿಕೆಯ ಪಕ್ಕದಿಂದ ಹಾದು ಹೋಗುವಾಗ ಅವಳು ಸ್ಮರಾಂಡಾಳ ಕಡೆ ನೋಡಿ, "ನೆಟ್ಟಗೆ ನಿಂತ್ಕೋ, ಫೋಟೊ ತೆಗೀತಿದ್ದಾರೆ" ಎಂದು ಹೇಳಿ, ಮಕ್ಕಳನ್ನು ಸಾಲು ಮಾಡಿ ಒಳಗೆ ಕರೆದುಕೊಂಡು ಹೋದಳು.

ಮಂತ್ರಿ ಕತ್ತರಿ ಕೈಗೆ ತೆಗೆದುಕೊಂಡ. ಯಾರೋ ಸ್ಮರಾಂಡಾಳ ಮೊಣಕೈ ಹಿಡಿದು ಮುಂದಕ್ಕೆ ತಂದರು. ಅವಳು ರಿಬ್ಬನ್ನಿನ ಒಂದು ತುದಿ ಹಿಡಿದುಕೊಂಡು, ಅವರು ಹೇಳಿದ ಕಡೆಗೆ ನೋಡಿದಳು.